ಝೋನ್ ಬಂದರೆ ಮದ್ದಾಯಿತೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಸಾಮಾನ್ಯವಾಗಿ ಹೆಸರಿಲ್ಲದೆಯೇ ಬರುತ್ತದೆ. ಬರೆಯುವವರು ಬಹುತೇಕ ಹೆಣ್ಣುಮಕ್ಕಳು. ತುರಿಕೆ ತಾಳಲಾಗುತ್ತಿಲ್ಲ, ಉರಿ, ಗಟ್ಟಿಯಾಗಿ ಬಿಳಿ ಸೆರಗು ಹೋಗುತ್ತಿದೆ, ಡಾಕ್ಟರ ಹತ್ತಿರ ಹೇಳಿಕೊಳ್ಳಲು ಸಂಕೋಚ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆದುಕೊಂಡರೆ ಸಾಕೇ? ಬೆಳ್ಳುಳ್ಳಿ ತಿಂದರೆ ಹೋಗುತ್ತದೆಯೇ? ಅರಿಶಿನ ಯೀಸ್ಟನ್ನು ಕೊಲ್ಲುತ್ತದೆ ಅಂತ ಸಂಶೋಧನೆಯಲ್ಲೇ ಸಾಬೀತಾಗಿದೆಯಂತೆ, ಹೌದಾ ಮೇಡಂ?

ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ, ವಿದ್ಯಾರ್ಥಿಗಳಿಂದ ಇಂಥ ಪರೀಕ್ಷೆಗಳನ್ನು ಮಾಡಿಸುತ್ತ ಬಂದವಳು ನಾನು. ಆದ್ದರಿಂದ ಈ ಸಲ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸದೆ, ಆ ಸಂಶೋಧನೆ ನಡೆಯುವುದು ಹೇಗೆ, ಅದರಿಂದ ನಿಜಕ್ಕೂ ಏನು ತಿಳಿಯುತ್ತದೆ ಎಂಬುದನ್ನೇ ಬಿಡಿಸಿ ಹೇಳುತ್ತೇನೆ. ಇದನ್ನು ತಿಳಿದುಕೊಂಡವರನ್ನು 'ನೈಸರ್ಗಿಕ ಪರಿಹಾರ'ದ ಜಾಹೀರಾತುಗಳು ಸುಲಭವಾಗಿ ಮರುಳು ಮಾಡಲಾರವು. ಗಿಡಮೂಲಿಕೆಗಳ ಮೇಲೆ ನಿಜವಾದ ಗೌರವ ಇರುವವರಿಗೂ ಇದು ಬೇಕು.

ಮೊದಲು ಆ ಯೀಸ್ಟಿನ ವಿಚಾರ. ಇದರಲ್ಲಿ ಮುಖ್ಯವಾದದ್ದು ಕ್ಯಾಂಡಿಡಾ ಆಲ್ಬಿಕಾನ್ಸ್. ನಮ್ಮಲ್ಲಿ ಅನೇಕರ ಬಾಯಿಯಲ್ಲಿ, ಕರುಳಿನಲ್ಲಿ, ಹೆಂಗಸರ ಯೋನಿಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಇದು ಇದ್ದೇ ಇರುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡಾಗ, ಬಸುರಿಯಾದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಮಿತಿಮೀರಿ ಬೆಳೆಯುತ್ತದೆ. ಹಸುಗೂಸಿನ ನಾಲಿಗೆಯ ಮೇಲೆ ಕಾಣುವ ಬಿಳಿ ಪದರ, ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೆಳಗಿನ ಕೆಂಪು ಉರಿ, ಹೆಂಗಸರ ಈ ತುರಿಕೆ ಎಲ್ಲವೂ ಇದರ ಕೆಲಸವಾಗಿರಬಹುದು. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಇಷ್ಟು ಸಾಮಾನ್ಯವಾದ ತೊಂದರೆಗೆ ನಾಚಿಕೆ ಏಕೆ ಅಂಟಿಕೊಂಡಿದೆಯೋ ನನಗೆ ಅರ್ಥವಾಗಿಲ್ಲ. ಐಸಿಯುನಲ್ಲಿರುವ ರೋಗಿಯ ರಕ್ತಕ್ಕೆ ಇದೇ ಯೀಸ್ಟ್ ಇಳಿದರೆ ಪ್ರಾಣಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯೊಂದನ್ನು ಹೊರತಂದಾಗ ಅದರ 19 ಹೆಸರುಗಳಲ್ಲಿ ನಾಲ್ಕನ್ನು ಅತಿ ಗಂಭೀರ ಗುಂಪಿಗೆ ಸೇರಿಸಿತು. ಆ ನಾಲ್ಕರಲ್ಲಿ ಎರಡು ಕ್ಯಾಂಡಿಡಾಗಳೇ: ಒಂದು ಆಲ್ಬಿಕಾನ್ಸ್, ಇನ್ನೊಂದು ಔರಿಸ್. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ತೆಗೆದ ಮಾದರಿಯಲ್ಲಿ ಗುರುತಿಸಲಾದ ಔರಿಸ್ ಈಗ ಭಾರತದ ಆಸ್ಪತ್ರೆಗಳಲ್ಲೂ ಇದೆ. ಫ್ಲುಕೊನಜೋಲ್ ಎಂಬ ಸಾಮಾನ್ಯ ಮಾತ್ರೆಗೆ ಅದು ಹೆಚ್ಚಾಗಿ ಬಗ್ಗುವುದಿಲ್ಲ. ಹೊಸ ಮದ್ದು ಬೇಕಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಹೀಗಾಗಿ ಗಿಡಗಳ ಕಡೆ ನೋಡುವುದು ಸಹಜ. ಕರ್ನಾಟಕದ ಸ್ನಾತಕೋತ್ತರ ವಿಭಾಗಗಳಲ್ಲಿ ವಿದ್ಯಾರ್ಥಿಗಳು ಆರಿಸಿಕೊಳ್ಳುವ ಪ್ರಾಜೆಕ್ಟುಗಳಲ್ಲಿ ಇದೂ ಒಂದು. ಎಲೆ ತಂದು, ತೊಳೆದು, ನೆರಳಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಮೆಥನಾಲ್, ಎಥನಾಲ್, ಹೆಕ್ಸೇನ್ ಅಥವಾ ನೀರಿನಲ್ಲಿ ನೆನೆಸಿ ಇಲ್ಲವೇ ಸಾಕ್ಸ್‌ಲೆಟ್ ಉಪಕರಣದಲ್ಲಿ ಕುದಿಸಿ ಸಾರ ತೆಗೆಯುತ್ತಾರೆ. ದ್ರಾವಕ ಆರಿಹೋದ ಮೇಲೆ ತಳದಲ್ಲಿ ಉಳಿಯುವ ಅಂಟಂಟು ಪದಾರ್ಥವನ್ನು ತೂಗಿ, ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿಸಿಕೊಳ್ಳುತ್ತಾರೆ. ಇನ್ನೊಂದು ಕಡೆ ಸಾಬುರೋ ಅಗರ್ ತುಂಬಿದ ಪೆಟ್ರಿ ಪ್ಲೇಟಿನ ಮೇಲೆ ಯೀಸ್ಟನ್ನು ಸಮನಾಗಿ ಹರಡಿ, ಅಗರ್‌ನಲ್ಲಿ ಪುಟ್ಟ ಗುಳಿ ಕೊರೆದು ಅದಕ್ಕೆ ಸಾರ ಹಾಕಿ, ಇನ್‌ಕ್ಯುಬೇಟರಿನಲ್ಲಿಟ್ಟು ಮನೆಗೆ ಹೋಗುತ್ತಾರೆ. ಮರುದಿನ ಪ್ಲೇಟಿನ ತುಂಬ ಯೀಸ್ಟಿನ ಬಿಳಿ ಪದರ ಬೆಳೆದಿರುತ್ತದೆ. ಗುಳಿಯ ಸುತ್ತ ಮಾತ್ರ ಬೆಳವಣಿಗೆ ಇಲ್ಲದ ಖಾಲಿ ವೃತ್ತ ಕಂಡರೆ "ಮೇಡಂ, ಝೋನ್ ಬಂದಿದೆ!" ಎಂದು ಓಡಿ ಬರುತ್ತಾರೆ. ಆ ಸಂತೋಷ ನನಗೆ ಇಷ್ಟ. ಮರುಕ್ಷಣ ನಾನು ಕೇಳುವ ಪ್ರಶ್ನೆ ಮಾತ್ರ ಅವರಿಗೆ ಅಷ್ಟು ಇಷ್ಟವಾಗುವುದಿಲ್ಲ: ಎಷ್ಟು ಸಾರ ಹಾಕಿದೆ?

ಲೆಕ್ಕ ನೋಡೋಣ. ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಸಾರ ಇರುವ ದ್ರಾವಣ, ಗುಳಿಗೆ 100 ಮೈಕ್ರೊಲೀಟರ್. ಪ್ರಕಟವಾಗುವ ಬರಹಗಳಲ್ಲಿ ಇಂಥ ಪ್ರಮಾಣ ಸಾಮಾನ್ಯ. ಅಂದರೆ ಒಂದು ಗುಳಿಗೆ 5 ಮಿಲಿಗ್ರಾಂ ಸಾರ ಬಿತ್ತು. ಹೋಲಿಕೆಗೆಂದು ಇಡುವ ಫ್ಲುಕೊನಜೋಲ್ ಬಿಲ್ಲೆಯಲ್ಲಿ ಇರುವ ಔಷಧ 25 ಮೈಕ್ರೊಗ್ರಾಂ. ಸಾರದ ಪ್ರಮಾಣ ಅದರ 200 ಪಟ್ಟು. ಎರಡೂ 18 ಮಿಲಿಮೀಟರಿನ ಝೋನ್ ಕೊಟ್ಟವು ಎಂದುಕೊಳ್ಳಿ. ಗಿಡ ಔಷಧಕ್ಕೆ ಸರಿಸಮ ಎಂದು ಬರೆದರೆ ಅದು ಸತ್ಯಕ್ಕೆ ದೂರ. ಅಷ್ಟು ಮಂದವಾಗಿ ಹಾಕಿದರೆ ಉಪ್ಪು, ಹುಳಿ, ಸಕ್ಕರೆ ಸಹ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯಬಲ್ಲವು. ನಮ್ಮ ಉಪ್ಪಿನಕಾಯಿ ಕೆಡದೆ ಉಳಿಯುವುದೂ ಹೀಗೆಯೇ.

ಝೋನಿನ ಅಗಲವನ್ನು ನಂಬದಿರಲು ಇನ್ನೊಂದು ಕಾರಣವಿದೆ. ಅಗರ್ ಬಹುಪಾಲು ನೀರು. ನೀರಿನಲ್ಲಿ ಬೆರೆಯುವ ಅಂಶಗಳು ಅದರಲ್ಲಿ ದೂರದವರೆಗೆ ಹರಡುತ್ತವೆ, ಜಿಡ್ಡಿನ ಗುಣದವು ಗುಳಿಯ ಬಳಿಯೇ ನಿಂತುಬಿಡುತ್ತವೆ. ಆದ್ದರಿಂದ ದುರ್ಬಲವಾದ ಸಾರ ದೊಡ್ಡ ಝೋನ್ ಕೊಡಬಹುದು, ಒಳ್ಳೆಯದೊಂದು ಏನನ್ನೂ ತೋರಿಸದೆ ಇರಬಹುದು. ತೊಗಟೆ, ಅಳಲೆಕಾಯಿ, ದಾಳಿಂಬೆ ಸಿಪ್ಪೆಯಂಥವುಗಳಲ್ಲಿ ತುಂಬಿರುವ ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದ ಯಾವ ಪರೀಕ್ಷೆಯಲ್ಲಾದರೂ ಏನೋ ಒಂದು ಪರಿಣಾಮ ತೋರಿಸುತ್ತದೆ. ಅದನ್ನು ಬೇರ್ಪಡಿಸಿ ನೋಡದವರಿಗೆ ನಿರಾಸೆ ಕಾದಿರುತ್ತದೆ. ಅರಿಶಿನದ ಕರ್ಕ್ಯುಮಿನ್‌ಗೂ ಇದೇ ಕಳಂಕವಿದೆ. ಬಗೆಬಗೆಯ ಪರೀಕ್ಷೆಗಳಲ್ಲಿ ಹುಸಿ ಫಲಿತಾಂಶ ಕೊಡುವ ಅಣು ಎಂದು ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ವಿವರವಾಗಿಯೇ ಬರೆದು ಎಚ್ಚರಿಸಿದ್ದಾರೆ.

ಹೆಚ್ಚು ನಂಬಬಹುದಾದ ವಿಧಾನ ಬೇರೆ ಇದೆ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ದ್ರವ ಮಾಧ್ಯಮ ಹಾಕಿ, ಒಂದು ಗುಳಿಯಿಂದ ಮುಂದಿನದಕ್ಕೆ ಸಾರದ ಪ್ರಮಾಣವನ್ನು ಅರ್ಧರ್ಧ ಇಳಿಸುತ್ತ ಹೋಗುವುದು. ಪ್ರತಿಯೊಂದಕ್ಕೂ ಎಣಿಕೆಯಂತೆ ಯೀಸ್ಟ್ ಸೇರಿಸಿ, 35 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಯಾವ ಕನಿಷ್ಠ ಪ್ರಮಾಣದಲ್ಲಿ ಬೆಳವಣಿಗೆ ನಿಂತಿದೆ ಎಂದು ನೋಡುವುದು. ಇದನ್ನು ಎಂಐಸಿ ಎನ್ನುತ್ತಾರೆ. ಫ್ಲುಕೊನಜೋಲ್‌ಗೆ ಬಗ್ಗುವ ಆಲ್ಬಿಕಾನ್ಸ್‌ನಲ್ಲಿ ಈ ಅಂಕಿ ಮಿಲಿಲೀಟರಿಗೆ 2 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಶುದ್ಧೀಕರಿಸದ ಸಾರಕ್ಕೆ ಅಷ್ಟು ಕಠಿಣವಾದ ಅಳತೆ ನ್ಯಾಯವಲ್ಲ, ಅದರಲ್ಲಿ ನೂರಾರು ಅಣುಗಳು ಬೆರೆತಿರುತ್ತವೆ. ಆದರೂ 100 ಮೈಕ್ರೊಗ್ರಾಮಿನ ಆಚೀಚೆ ಬಂದರೆ ಮುಂದುವರಿಯಬಹುದು, 1000 ದಾಟಿದರೆ ಆ ಗಿಡವನ್ನು ಅಲ್ಲಿಗೇ ಬಿಡಬಹುದು ಎಂಬುದು ಈ ಕ್ಷೇತ್ರದಲ್ಲಿ ಬಹಳ ಮಂದಿ ಒಪ್ಪುವ ಮಾತು. ಝೋನಿನ ಫೋಟೋ ಅಚ್ಚು ಹಾಕಿ ಎಂಐಸಿ ಹೇಳದ ಬರಹ ನನ್ನ ಮೇಜಿಗೆ ಬಂದರೆ ನಾನು ಅದನ್ನು ಅರ್ಧ ಕೆಲಸವೆಂದೇ ಎಣಿಸುತ್ತೇನೆ.

ಎಂಐಸಿ ಚೆನ್ನಾಗಿ ಬಂತು ಎಂದುಕೊಳ್ಳೋಣ. ಆಗ ಎದುರಾಗುವುದೇ ನಿಜವಾದ ಕಷ್ಟ. ಬ್ಯಾಕ್ಟೀರಿಯಾ ನಮಗೆ ದೂರದ ಜೀವಿ. ಅದರ ಜೀವಕೋಶದ ಕಟ್ಟಡವೇ ಬೇರೆ, ಆದ್ದರಿಂದ ನಮ್ಮನ್ನು ಬಿಟ್ಟು ಅದನ್ನಷ್ಟೇ ಹೊಡೆಯುವ ಮದ್ದುಗಳು ಹಲವಾರು ಸಿಕ್ಕಿವೆ. ಯೀಸ್ಟ್ ಹಾಗಲ್ಲ. ನಮ್ಮ ಜೀವಕೋಶದಲ್ಲಿರುವಂತೆ ಅದರಲ್ಲೂ ನ್ಯೂಕ್ಲಿಯಸ್ ಇದೆ, ಮೈಟೊಕಾಂಡ್ರಿಯಾ ಇದೆ. ಭತ್ತದ ಗದ್ದೆಯಲ್ಲಿ ಭತ್ತದ ಪೈರಿನಂತೆಯೇ ಕಾಣುವ ಕಳೆಯನ್ನು ಕೀಳಲು ಇಳಿದವರಿಗೆ ಈ ಕಷ್ಟ ಗೊತ್ತು. ಹಾಗಾಗಿ ಮದ್ದು ಹುಡುಕುವವರು ಎರಡಕ್ಕೂ ಇರುವ ಸಣ್ಣ ವ್ಯತ್ಯಾಸಗಳನ್ನೇ ಹಿಡಿದು ಹೊರಟರು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಯೀಸ್ಟಿನದರಲ್ಲಿ ಎರ್ಗೋಸ್ಟೆರಾಲ್ ಇದೆ. ಫ್ಲುಕೊನಜೋಲ್, ಕ್ಲೊಟ್ರಿಮಜೋಲ್ ಅದರ ತಯಾರಿಕೆಯನ್ನು ನಿಲ್ಲಿಸುತ್ತವೆ. ನಿಸ್ಟಾಟಿನ್, ಆಂಫೊಟೆರಿಸಿನ್ ಅದನ್ನೇ ಹಿಡಿದು ಪೊರೆಯನ್ನು ಕೆಡಿಸುತ್ತವೆ. ಯೀಸ್ಟಿಗೆ ಗ್ಲುಕಾನ್ ಇರುವ ಹೊರಗೋಡೆಯೂ ಇದೆ, ನಮಗಿಲ್ಲ. ಕ್ಯಾಸ್ಪೊಫಂಜಿನ್ ಆ ಗೋಡೆ ಕಟ್ಟಲು ಬಿಡುವುದಿಲ್ಲ.

ನಿಸ್ಟಾಟಿನ್ ಹುಟ್ಟಿದ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಎಲಿಜಬೆತ್ ಹೇಝೆನ್ ನ್ಯೂಯಾರ್ಕ್ ನಗರದಲ್ಲಿದ್ದ ಸೂಕ್ಷ್ಮಜೀವಿ ವಿಜ್ಞಾನಿ, ರೇಚಲ್ ಬ್ರೌನ್ ಅದೇ ರಾಜ್ಯದ ಆಲ್ಬನಿಯಲ್ಲಿದ್ದ ರಸಾಯನ ವಿಜ್ಞಾನಿ. ಇಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ನೌಕರರು. ಹೇಝೆನ್ ಅಲ್ಲಲ್ಲಿನ ಮಣ್ಣಿನಿಂದ ಜೀವಿಗಳನ್ನು ಬೆಳೆಸಿ, ಶಿಲೀಂಧ್ರದ ಮೇಲೆ ಪರೀಕ್ಷಿಸಿ, ಚೆನ್ನಾಗಿ ಕಂಡದ್ದನ್ನು ಗಾಜಿನ ಜಾಡಿಯಲ್ಲಿ ತುಂಬಿ ಅಂಚೆಯಲ್ಲಿ ಆಲ್ಬನಿಗೆ ಕಳಿಸುವರು. ಬ್ರೌನ್ ಅದರಿಂದ ಕೆಲಸ ಮಾಡುವ ಅಂಶವನ್ನು ಬೇರ್ಪಡಿಸಿ ಅಂಚೆಯಲ್ಲೇ ಹಿಂದಕ್ಕೆ ಕಳಿಸುವರು. ಪ್ಲೇಟಿನಲ್ಲಿ ಶಿಲೀಂಧ್ರವನ್ನು ಕೊಂದವು ಬಹಳ ಸಿಕ್ಕವು. ಪ್ರಾಣಿಗಳಿಗೆ ಕೊಟ್ಟಾಗ ಅವುಗಳಲ್ಲಿ ಬಹುಪಾಲು ಪ್ರಾಣಿಗಳನ್ನೂ ಕೊಂದವು. ಕೊನೆಗೆ ವರ್ಜೀನಿಯಾದಲ್ಲಿ ಹೇಝೆನ್‌ರ ಪರಿಚಯದವರ ಹೈನುಗಾರಿಕೆ ಫಾರ್ಮಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವೊಂದು ಕೊಟ್ಟ ಪದಾರ್ಥ ಈ ಎರಡನೆಯ ಪರೀಕ್ಷೆಯನ್ನೂ ದಾಟಿತು. 1950ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು, ತಮ್ಮ ರಾಜ್ಯದ ಹೆಸರನ್ನೇ ಸೇರಿಸಿ ನಿಸ್ಟಾಟಿನ್ ಎಂದು ಕರೆದರು. ಅದರಿಂದ ಬಂದ 1.3 ಕೋಟಿ ಡಾಲರಿನಷ್ಟು ಗೌರವಧನದಲ್ಲಿ ತಮಗೆಂದು ಏನನ್ನೂ ಇಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. 75 ವರ್ಷ ಕಳೆದರೂ ಆ ಮದ್ದು ಬಳಕೆಯಲ್ಲಿದೆ. ನನ್ನ ವಿದ್ಯಾರ್ಥಿಗಳಿಗೆ ಬೇಕಾದದ್ದು ಆ ಎರಡನೆಯ ಪರೀಕ್ಷೆಯನ್ನು ಬಿಡದೆ ಮಾಡಿದ ಅವರ ಹಟ.

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಯೀಸ್ಟ್ ಸೋಂಕಿಗೆ ವೈದ್ಯರು ಇಂದು ಬರೆದುಕೊಡುವ ಮುಖ್ಯ ಔಷಧಗಳಲ್ಲಿ ಯಾವುದೂ ಗಿಡದಿಂದ ಬಂದದ್ದಲ್ಲ. ಕೆಲವು ಮಣ್ಣಿನ ಬ್ಯಾಕ್ಟೀರಿಯಾದಿಂದ, ಕೆಲವು ಬೇರೆ ಶಿಲೀಂಧ್ರಗಳಿಂದ ಬಂದವು, ಫ್ಲುಕೊನಜೋಲ್ ಪ್ರಯೋಗಾಲಯದಲ್ಲೇ ಕಟ್ಟಿದ ಅಣು. ಅಮೆರಿಕದಲ್ಲಿ 2021ರಲ್ಲಿ ಹೆಂಗಸರ ಯೀಸ್ಟ್ ಸೋಂಕಿಗೆಂದು ಒಪ್ಪಿಗೆ ಪಡೆದ ಐಬ್ರೆಕ್ಸಾಫಂಜೆರ್ಪ್ ಗಿಡದ ಹತ್ತಿರ ಹೋದದ್ದು ನಿಜ, ಆದರೆ ಅದರ ಮೂಲ ಜುನಿಪರ್ ಗಿಡದ ಎಲೆಯೊಳಗೆ ವಾಸಿಸುವ ಒಂದು ಶಿಲೀಂಧ್ರ. ಚರ್ಮದ ಸೋಂಕಿಗೆ ಹಚ್ಚುವ ಅಂಡೆಸೈಲೆನಿಕ್ ಆಮ್ಲವನ್ನು ಹರಳೆಣ್ಣೆಯಿಂದ ತಯಾರಿಸುತ್ತಾರೆ. ಅದು ಹೆಚ್ಚಾಗಿ ಬಳಕೆಯಾಗುವುದು ಕಾಲ್ಬೆರಳ ಸಂದಿನ ಕಜ್ಜಿಯಂಥವಕ್ಕೆ. ಗಿಡದ ಮೇಲೆ ನಡೆದಿರುವ ಅಪಾರ ಕೆಲಸದ ಎದುರು ಈ ಫಲ ಕಡಿಮೆ.

ಹಾಗೆಂದು ಗಿಡಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವವಳಲ್ಲ. ಓಡಿ ತಪ್ಪಿಸಿಕೊಳ್ಳಲಾಗದ ಗಿಡ ಜೀವಮಾನವಿಡೀ ಶಿಲೀಂಧ್ರಗಳ ಜೊತೆ ರಾಸಾಯನಿಕಗಳಿಂದಲೇ ಹೋರಾಡುತ್ತದೆ. ಅದರಲ್ಲಿ ಆಯುಧಗಳಿರುವುದು ಖಂಡಿತ. ಸಮಸ್ಯೆ ನಾವು ಕೇಳುವ ಪ್ರಶ್ನೆಯಲ್ಲಿದೆ. ಕೊಲ್ಲುತ್ತದೆಯೇ ಎಂದಷ್ಟೇ ಕೇಳುತ್ತೇವೆ. ಆಲ್ಬಿಕಾನ್ಸ್ ತೊಂದರೆ ಕೊಡುವುದು ದುಂಡನೆಯ ರೂಪ ಬಿಟ್ಟು ಉದ್ದನೆಯ ಎಳೆಗಳಾಗಿ ಅಂಗಾಂಶಕ್ಕೆ ನುಗ್ಗಿದಾಗ. ಆ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸುರಿಸುತ್ತವೆ ಎಂಬುದು 2016ರಲ್ಲಷ್ಟೇ ಗೊತ್ತಾಯಿತು. ಯೀಸ್ಟನ್ನು ಕೊಲ್ಲದೆ, ಎಳೆ ಬಿಡದಂತೆ ತಡೆಯುವ ಗಿಡದ ಅಣುವೊಂದು ಇದ್ದರೆ ಝೋನ್ ಪರೀಕ್ಷೆಯಲ್ಲಿ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕ್ಯಾಥೆಟರ್, ಹಲ್ಲಿನ ಸೆಟ್ಟುಗಳ ಮೇಲೆ ಯೀಸ್ಟ್ ಕಟ್ಟುವ ಲೋಳೆಪದರವನ್ನು ಬಿಡಿಸುವ ಸಾರ ಯಾವುದು ಎಂಬುದೂ ಒಳ್ಳೆಯ ಪ್ರಶ್ನೆ. ನಮ್ಮ ಪಶ್ಚಿಮಘಟ್ಟದ ಮರದರಿಶಿನ ಬಳ್ಳಿಯಲ್ಲಿ ಬರ್ಬೆರಿನ್ ಎಂಬ ಅಣು ಇದೆ. ಫ್ಲುಕೊನಜೋಲ್‌ಗೆ ಬಗ್ಗದ ಆಲ್ಬಿಕಾನ್ಸ್ ಮೇಲೆ ಎರಡನ್ನೂ ಜೊತೆಯಾಗಿ ಹಾಕಿದಾಗ ಪ್ರಯೋಗಾಲಯದಲ್ಲಿ ಒಂದಕ್ಕೊಂದು ಬಲ ಕೊಟ್ಟಿವೆ. ಹಳೆಯ ಮಾತ್ರೆಗೆ ಮತ್ತೆ ಹರಿತ ತರುವ ಈ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಆದರೆ ಅತಿಯಾಗಿ ಕಿತ್ತು ಆ ಬಳ್ಳಿಯೇ ವಿರಳವಾಗಿದೆ. ಪರೀಕ್ಷೆಗೆಂದು ಕಾಡಿನಿಂದ ಬೇರು ಸಮೇತ ತರುವವರು ಇದನ್ನೂ ನೆನಪಿಡಬೇಕು.

ಇನ್ನು ಯಾವ ಗಿಡ ಎಂಬ ಪ್ರಶ್ನೆ. ಹೆಂಗಸರ ತೊಂದರೆಗಳಿಗೆ ಆಯುರ್ವೇದದಲ್ಲಿ ಅಶೋಕದ ತೊಗಟೆಗೆ ದೊಡ್ಡ ಹೆಸರಿದೆ. ಅದು ಕೆಂಪು-ಕಿತ್ತಳೆ ಹೂ ಬಿಡುವ ಸರಾಕ ಅಶೋಕ. ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಶಾಲಾ ಕಾಂಪೌಂಡುಗಳಲ್ಲಿ ನೆಟ್ಟಗೆ ಬೆಳೆಯುವ ಪಾಲಿಯಾಲ್ತಿಯಾದ ತೊಗಟೆಯನ್ನು ಮಾರುವುದು ಹಲವು ತಪಾಸಣೆಗಳಲ್ಲಿ ಕಂಡುಬಂದಿದೆ. ಗ್ರಂಧಿಗೆ ಅಂಗಡಿಯಿಂದ ಕಟ್ಟು ತಂದು ಪರೀಕ್ಷೆ ಮಾಡಿದವರು ಯಾವ ಮರವನ್ನು ಪರೀಕ್ಷಿಸಿದರು? ಆದ್ದರಿಂದಲೇ ಗಿಡದ ಮಾದರಿಯನ್ನು ಒಣಗಿಸಿ ಹರ್ಬೇರಿಯಂನಲ್ಲಿ ಇಟ್ಟು ಅದರ ಸಂಖ್ಯೆಯನ್ನು ಬರಹದಲ್ಲಿ ಕೊಡಬೇಕು. ಯೀಸ್ಟಿಗೂ ಇದೇ ನಿಯಮ: ಚಂಡೀಗಢದ ಎಂಟಿಸಿಸಿಯಂಥ ಸಂಗ್ರಹದಿಂದ ಗುರುತಿನ ಸಂಖ್ಯೆ ಇರುವ ತಳಿ ತರಿಸಬೇಕು, ಜೊತೆಗೆ ರೋಗಿಗಳಿಂದ ದೊರೆತ ತಳಿಗಳೂ ಇರಬೇಕು. ಮೆಥನಾಲಿನಲ್ಲಿ ತೆಗೆದ ಸಾರದ ಫಲಿತಾಂಶವನ್ನು ಮನೆಯ ಕಷಾಯಕ್ಕೆ ಅನ್ವಯಿಸುವುದೂ ತಪ್ಪು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ನಾಟಿ ವೈದ್ಯರು ಹಸಿ ರಸ ಕೊಡುತ್ತಿದ್ದರೆ ಹಸಿ ರಸವನ್ನೇ ಪರೀಕ್ಷಿಸಿ. ಅವರ ಅನುಭವಕ್ಕೆ ಸಲ್ಲಬೇಕಾದ ಗೌರವ ಅದು.

ಇದೆಲ್ಲದರ ನಡುವೆ ಬಹುತೇಕರು ಬಿಟ್ಟುಬಿಡುವ ಪರೀಕ್ಷೆ ಒಂದಿದೆ. ಆರೋಗ್ಯವಂತ ಹೆಂಗಸಿನ ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸುತ್ತ ಒಳಗಿನ ಪಿಎಚ್ 4.5ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತವೆ. ಕೆಟ್ಟ ಜೀವಿಗಳನ್ನು ದೂರವಿಡುವ ಕಾವಲು ಅದು. ಯೀಸ್ಟನ್ನು ಕೊಲ್ಲುವ ಸಾರ ಈ ಬ್ಯಾಕ್ಟೀರಿಯಾಗಳನ್ನೂ ಕೊಂದರೆ, ಅದನ್ನು ಒಳಗೆ ಹಾಕಿಕೊಂಡವಳಿಗೆ ಮದ್ದಿನಿಂದಲೇ ತೊಂದರೆ ಶುರು. ಮನುಷ್ಯರ ಜೀವಕೋಶಗಳ ಮೇಲೂ ಅದೇ ಸಾರವನ್ನು ಹಾಕಿ ನೋಡಬೇಕು. ಯೀಸ್ಟನ್ನು ತಡೆಯುವ ಪ್ರಮಾಣಕ್ಕೂ ನಮ್ಮನ್ನು ಹಾಳುಮಾಡುವ ಪ್ರಮಾಣಕ್ಕೂ ಸಾಕಷ್ಟು ಅಂತರ ಇರಬೇಕು.

ಇಷ್ಟೆಲ್ಲ ದಾಟಿದ ಮೇಲೂ ಮನುಷ್ಯರಲ್ಲಿ ಕೆಲಸ ಮಾಡುತ್ತದೆಯೇ ಎಂಬುದು ಉಳಿಯುತ್ತದೆ. ಬೆಳ್ಳುಳ್ಳಿಯ ವಿಚಾರದಲ್ಲಿ ಅದನ್ನು ನೋಡಿದ್ದಾರೆ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಆಲಿಸಿನ್ ಪ್ಲೇಟಿನಲ್ಲಿ ಕ್ಯಾಂಡಿಡಾವನ್ನು ಚೆನ್ನಾಗಿಯೇ ತಡೆಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಯೋನಿಯಲ್ಲಿ ಕ್ಯಾಂಡಿಡಾ ಇದ್ದ 63 ಹೆಂಗಸರಲ್ಲಿ ಕೆಲವರಿಗೆ ಬೆಳ್ಳುಳ್ಳಿ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆಯನ್ನು ಎರಡು ವಾರ ನುಂಗಲು ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಯೀಸ್ಟ್ ಪ್ರಮಾಣದಲ್ಲಿ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ. ಆಲಿಸಿನ್ ಬಹುಬೇಗ ಒಡೆದುಹೋಗುವ ಅಣು, ನುಂಗಿದ್ದು ಅಷ್ಟು ದೂರ ತಲುಪುವ ಭರವಸೆ ಇಲ್ಲ. ಹಾಗೆಂದು ಎಸಳನ್ನೇ ನೇರವಾಗಿ ಒಳಗಿಟ್ಟುಕೊಳ್ಳಬೇಡಿ, ನವಿರಾದ ಚರ್ಮ ಸುಟ್ಟು ಗಾಯವಾಗುತ್ತದೆ.

ಹೀಗಾಗಿ ಪತ್ರ ಬರೆದ ಅಕ್ಕಂದಿರೇ, ತಂಗಿಯರೇ, ನನ್ನ ಉತ್ತರ ಇದು. ನಿಮ್ಮದು ಯೀಸ್ಟ್ ಸೋಂಕೇ ಹೌದೆಂದು ಮೊದಲು ಖಚಿತವಾಗಲಿ. ತಮಗೆ ಯೀಸ್ಟ್ ಸೋಂಕು ಎಂದು ತಾವೇ ತೀರ್ಮಾನಿಸಿ ಅಂಗಡಿಯಲ್ಲಿ ಮದ್ದು ಕೊಳ್ಳುತ್ತಿದ್ದ ಹೆಂಗಸರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಅದು ನಿಜವಾಗಿತ್ತು ಎಂದು 2002ರ ಅಧ್ಯಯನವೊಂದು ಹೇಳಿತು. ಉಳಿದವರಿಗೆ ಬೇರೆ ಸೋಂಕು, ಬೇರೆ ಮದ್ದು. ಡಾಕ್ಟರು ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ. ಸಾಧಾರಣ ಸೋಂಕಿಗೆ ಕ್ಲೊಟ್ರಿಮಜೋಲ್ ಅಥವಾ ಒಂದೇ ಒಂದು 150 ಮಿಲಿಗ್ರಾಂ ಫ್ಲುಕೊನಜೋಲ್ ಮಾತ್ರೆ ಹೆಚ್ಚಿನವರಿಗೆ ಸಾಕಾಗುತ್ತದೆ, ದುಬಾರಿಯೂ ಅಲ್ಲ. ಬಸುರಿಯರು ಮಾತ್ರ ಈ ನುಂಗುವ ಮಾತ್ರೆಯನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಕಷಾಯದಿಂದ ಒಳಗೆ ತೊಳೆಯುವುದನ್ನು ನಿಲ್ಲಿಸಿ. ಊಟದಲ್ಲಿ ಅರಿಶಿನ, ಬೆಳ್ಳುಳ್ಳಿ ಎಂದಿನಂತೆ ಇರಲಿ. ವರ್ಷದಲ್ಲಿ ಮೂರು ಸಲ ಅಥವಾ ಇನ್ನೂ ಹೆಚ್ಚು ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಎಷ್ಟೋ ಜನರಿಗೆ ಡಯಾಬಿಟಿಸ್ ಇರುವುದು ಗೊತ್ತಾಗುವುದೇ ಹೀಗೆ. ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ, ಆ ಮಾತ್ರೆಗಳಿಂದ ಈ ಸೋಂಕು ಹೆಚ್ಚುತ್ತದೆ.

ಪ್ರಾಜೆಕ್ಟ್ ಮಾಡಿಸುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಇಪ್ಪತ್ತು ಗಿಡಗಳ ಝೋನ್ ಅಳೆಯಿಸುವ ಬದಲು ಒಂದು ಗಿಡವನ್ನು ತೆಗೆದುಕೊಳ್ಳಿ. ಅದರ ಗುರುತು, ಎಂಐಸಿ, ಲ್ಯಾಕ್ಟೊಬ್ಯಾಸಿಲಸ್ ಮತ್ತು ಮನುಷ್ಯರ ಜೀವಕೋಶದ ಮೇಲಿನ ಪರಿಣಾಮ, ಇಷ್ಟನ್ನು ಪೂರ್ತಿ ಮಾಡಿಸಿ. ಏನೂ ಪರಿಣಾಮ ಇಲ್ಲವೆಂದು ಬಂದರೆ ಅದನ್ನೂ ಹಾಗೆಯೇ ಬರೆದು ಪ್ರಕಟಿಸಿ. ಅದೇ ಗಿಡದ ಎಲೆ ಒಣಗಿಸಲು ಹೊರಟಿರುವ ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷ ಉಳಿಯುತ್ತದೆ.